ಜ್ವರ ಬಿಟ್ಟ ಮೇಲಿನ ದಿನಗಳು

ಕಾಳಿ ನದಿಯ ದಂಡೆಯ ಮಲ್ಲಾಪುರದಲ್ಲಿ ಕೈಗಾ ಅಣುವಿದ್ಯುತ್ ಕೇಂದ್ರದ ನೌಕರರ ವಸತಿಯಿದೆ. 2020ರ ಮಾರ್ಚ್‌ನಲ್ಲಿ ಕೋವಿಡ್‌ಗೆ ಹೆದರಿ ದೇಶವೇ ಬಾಗಿಲು ಹಾಕಿದಾಗಲೂ ವಿದ್ಯುತ್ ನಿಲ್ಲುವಂತಿರಲಿಲ್ಲ. ಮನೆಯವರು ಆತಂಕದಿಂದಲೇ ಅವರನ್ನು ಪಾಳಿಗೆ ಕಳುಹಿಸಬೇಕಾಯಿತು.

ಅದೇ ದಿನಗಳಲ್ಲಿ ಕಾರವಾರದ ನೌಕಾಪಡೆ ಆಸ್ಪತ್ರೆ 'ಪತಂಜಲಿ'ಯಲ್ಲಿ ಭಟ್ಕಳದ ಸೋಂಕಿತರಿಗೆ ಚಿಕಿತ್ಸೆ ನಡೆದಿತ್ತು. ಏಪ್ರಿಲ್‌ನಲ್ಲಿ ಹಲವರು ಗುಣಮುಖರಾಗಿ ಹೊರಬಂದರು. ಜಿಲ್ಲೆಗೆ ಅದು ದೊಡ್ಡ ಧೈರ್ಯ. 24 ಗಂಟೆಗಳ ಅಂತರದ ಎರಡು ಪರೀಕ್ಷೆಗಳಲ್ಲೂ ಸೋಂಕು ಕಾಣದಿದ್ದರೆ ಮಾತ್ರ ಆಗ ಮನೆಗೆ ಬಿಡುತ್ತಿದ್ದರು.

ಆದರೆ ಕೋವಿಡ್ ಕಂಡ ಹಲವರಿಗೆ ಕಾಯಿಲೆ ಅಲ್ಲಿಗೇ ಮುಗಿಯಲಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಪುಸ್ತಕ ಹಿಡಿದರೆ ಗಮನ ನಿಲ್ಲದು. ಒಗ್ಗರಣೆಯ ಘಮ ಮೂಗಿಗೆ ತಿಳಿಯದು. ವಾಸನೆ ಗ್ರಹಿಸುವ ನರಕೋಶಗಳಿಗೆ ಆಸರೆಯಾದ ಕೋಶಗಳನ್ನು ವೈರಸ್ ಕೆಡಿಸುತ್ತದೆ. ಅವು ಚೇತರಿಸಿಕೊಂಡಂತೆ ಹೆಚ್ಚಿನವರಿಗೆ ವಾಸನೆ ಮರಳುತ್ತದೆ. ಕೆಲವರಿಗೆ ತಿಂಗಳುಗಳೇ ಬೇಕು.

ಇದಕ್ಕಿಂತ ಹೆಚ್ಚು ನೋಯಿಸಿದ್ದು ನೆರೆಹೊರೆಯವರ ನೋಟ. ಇನ್ನು ಸೋಂಕು ಹರಡದು ಎಂದು ವೈದ್ಯರು ಹೇಳಿದ ಮೇಲೂ ಗುಣವಾದವರನ್ನು ಕಂಡು ದೂರ ಸರಿದವರಿದ್ದರು. ಎಚ್ಚರವೇ ಬೇರೆ, ಅಂಜಿಕೆಯೇ ಬೇರೆ. ಇದನ್ನು ತೋರಿಸಿಕೊಟ್ಟವರು ಮಕ್ಕಳು. ಅದೇ ವರ್ಷ ಜೂನ್ 25ರಿಂದ ರಾಜ್ಯದ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳು ಮುಖಗವಸು ಧರಿಸಿ, ಅಂತರ ಬಿಟ್ಟು ಕುಳಿತು ಪರೀಕ್ಷೆ ಬರೆದರು.

ಕೋವಿಡ್ ಕಲಿಸಿದ ಈ ಪಾಠ ಯಾವ ಜ್ವರಕ್ಕೂ ಸಲ್ಲುತ್ತದೆ. ಹಾಸಿಗೆಯಿಂದ ಎದ್ದ ಮಗುವನ್ನು ಮರುದಿನವೇ ಅಂಕಗಳ ಓಟಕ್ಕೆ ಹಚ್ಚಬಾರದು. ಸುಸ್ತು ಸೋಮಾರಿತನವಲ್ಲ. ಪಕ್ಕದ ಬೆಂಚಿನ ಗೆಳೆಯನೂ ಅಷ್ಟೇ: ಗುಣವಾಗಿ ಬಂದವನಿಗೆ ತಪ್ಪಿದ ಪಾಠದ ಟಿಪ್ಪಣಿ ಕೊಟ್ಟು, ಹತ್ತಿರ ಕೂರಿಸಿಕೊಂಡರೆ ಅದೂ ಒಂದು ಔಷಧವೇ.