ರಾಜರು ಬಿಟ್ಟುಹೋದ ಅರಮನೆಗಳು

ಹದಿನೈದನೇ ಶತಮಾನದಲ್ಲಿ ಫ್ರಾನ್ಸಿಗೆ ಪ್ಯಾರಿಸ್ ಹೆಸರಿಗಷ್ಟೇ ರಾಜಧಾನಿ. ಇಂಗ್ಲೆಂಡಿನೊಡನೆ ನೂರು ವರ್ಷಗಳ ಯುದ್ಧ ನಡೆಯುತ್ತಿತ್ತು. 1418ರಲ್ಲಿ ಪ್ಯಾರಿಸ್ ಶತ್ರುಪಾಳಯದ ಕೈಸೇರಿದಾಗ ಯುವರಾಜ ಚಾರ್ಲ್ಸ್ ಜೀವ ಉಳಿಸಿಕೊಂಡು ದಕ್ಷಿಣಕ್ಕೆ ಓಡಿದ. ಲ್ವಾರ್ ನದಿಯ ಸೀಮೆ ಅವನಿಗೆ ಆಸರೆ ಕೊಟ್ಟಿತು. ಅಲ್ಲಿನ ಶಿನೋನ್ ಕೋಟೆಗೇ 1429ರಲ್ಲಿ ಜೋನ್ ಆಫ್ ಆರ್ಕ್ ಎಂಬ ಹಳ್ಳಿಯ ಹುಡುಗಿ ಬಂದು, ನನಗೆ ಸೈನ್ಯ ಕೊಡು ಎಂದು ಕೇಳಿದ್ದು. ಮುಂದೆ ಪ್ಯಾರಿಸ್ ಮರಳಿ ಕೈಗೆ ಬಂದರೂ ರಾಜರಿಗೆ ಆ ಊರಿನ ಮೇಲೆ ನಂಬಿಕೆ ಹುಟ್ಟಲಿಲ್ಲ. ನದಿ, ಕಾಡು, ಬೇಟೆ, ದ್ರಾಕ್ಷಿತೋಟ ಎಲ್ಲವೂ ಇದ್ದ ಈ ಕಣಿವೆಯಲ್ಲೇ ಇನ್ನೂ ಸುಮಾರು ನೂರು ವರ್ಷ ಆಸ್ಥಾನ ನಡೆಯಿತು. ರಾಜನಿದ್ದ ಕಡೆ ಮಂತ್ರಿಗಳು, ಖಜಾನೆಯ ಅಧಿಕಾರಿಗಳು, ಸರದಾರರು. ಅವರೆಲ್ಲರೂ ಮನೆ ಕಟ್ಟಿದರು. ಇಂದು ನಾವು ಲ್ವಾರ್ ಕಣಿವೆಯ ಷಾತೋಗಳೆಂದು ನೋಡಹೋಗುವುದು ಆ ಮನೆಗಳನ್ನೇ.

ಲ್ವಾರ್ ಫ್ರಾನ್ಸಿನ ಅತಿ ಉದ್ದದ ನದಿ. ಸಾವಿರ ಕಿಲೋಮೀಟರಿಗೂ ಹೆಚ್ಚು ಹರಿದು ಅಟ್ಲಾಂಟಿಕ್ ಸೇರುತ್ತದೆ. ಬೇಸಿಗೆಯಲ್ಲಿ ಮರಳುದಿಬ್ಬಗಳ ನಡುವೆ ತೆಳ್ಳಗಾಗುವ ಇದೇ ನದಿ ಮಳೆ ಜೋರಾದಾಗ ಉಕ್ಕಿ ಊರುಗಳನ್ನು ನುಂಗಿದ್ದುಂಟು. ಅದಕ್ಕಾಗಿ ದಂಡೆಯುದ್ದಕ್ಕೂ ಮಣ್ಣಿನ ಏರಿಗಳನ್ನು ಕಟ್ಟಿದ್ದಾರೆ. ಸ್ಯುಲ್ಲಿಯಿಂದ ಶಾಲೋನ್‌ವರೆಗಿನ 280 ಕಿಲೋಮೀಟರ್ ಉದ್ದದ ಕಣಿವೆಯನ್ನು ಯುನೆಸ್ಕೊ 2000ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬರಿಯ ಕಟ್ಟಡಗಳನ್ನಲ್ಲ, ನದಿ, ಊರು, ಹೊಲ, ದ್ರಾಕ್ಷಿತೋಟ ಎಲ್ಲವನ್ನೂ ಒಟ್ಟಾಗಿ. ಆ ನಿರ್ಧಾರ ಸರಿಯಾದದ್ದು. ನದಿಯನ್ನು ಬಿಟ್ಟು ಈ ಅರಮನೆಗಳು ಅರ್ಥವಾಗುವುದಿಲ್ಲ.

ಅವುಗಳ ಕಲ್ಲು ಕೂಡ ಅಲ್ಲಿಯದೇ. ತುಫೋ ಎಂಬ ಬಿಳಿಯ ಸುಣ್ಣಕಲ್ಲನ್ನು ನದಿಯ ಬದಿಯ ಗುಡ್ಡಗಳಿಂದ ಕೊಯ್ದು, ಚಪ್ಪಟೆ ತಳದ ದೋಣಿಗಳಲ್ಲಿ ಸಾಗಿಸುತ್ತಿದ್ದರು. ಉಳಿಗೆ ಸುಲಭವಾಗಿ ಒಗ್ಗುವ ಮೆತ್ತನೆಯ ಕಲ್ಲದು. ಬಾಗಿಲ ಚೌಕಟ್ಟು, ಕಿಟಕಿಯ ನೆತ್ತಿ, ಹೊಗೆಗೂಡು ಹೀಗೆ ಎಲ್ಲೆಂದರಲ್ಲಿ ಕಾಣುವ ಸೂಕ್ಷ್ಮ ಕೆತ್ತನೆಗೆ ಅದೇ ಕಾರಣ. ಮಳೆಗೆ, ಹಿಮಕ್ಕೆ ಬೇಗ ಸವೆಯುವುದೂ ಅದೇ ಗುಣದಿಂದ. ಹಾಗಾಗಿ ಇಲ್ಲಿ ಕಲ್ಲುಕುಟಿಗರಿಗೆ ಕೆಲಸ ಮುಗಿಯುವುದೇ ಇಲ್ಲ. ಕಲ್ಲು ತೆಗೆದ ಗುಡ್ಡದ ಪೊಳ್ಳುಗಳನ್ನೂ ಜನ ಹಾಳುಬಿಡಲಿಲ್ಲ. ಕೆಲವು ವಾಸದ ಮನೆಗಳಾದವು, ಕೆಲವು ವೈನ್ ನೆಲಮಾಳಿಗೆಗಳು, ಇನ್ನು ಕೆಲವು ಅಣಬೆ ಬೆಳೆಯುವ ಗವಿಗಳು.

ಈ ಅರಮನೆಗಳಲ್ಲಿ ಹಲವು ಮೊದಲು ನಿಜವಾದ ಕೋಟೆಗಳಾಗಿದ್ದವು. ಫಿರಂಗಿ ಬಂದ ಮೇಲೆ ದಪ್ಪ ಗೋಡೆಗಳನ್ನು ನೆಚ್ಚುವಂತಿರಲಿಲ್ಲ. 1494ರಲ್ಲಿ ಎಂಟನೇ ಚಾರ್ಲ್ಸ್ ದೊರೆ ಇಟಲಿಯ ಮೇಲೆ ದಂಡೆತ್ತಿ ಹೋದ. ಗೆದ್ದ ನಾಡು ಕೈಯಲ್ಲಿ ಉಳಿಯಲಿಲ್ಲ, ಆದರೆ ಅಲ್ಲಿನ ತೋಟಗಾರರು, ಶಿಲ್ಪಿಗಳು, ಬಡಗಿಗಳು ಅವನೊಡನೆ ಆಂಬ್ವಾಸ್ ಅರಮನೆಗೆ ಬಂದರು. ಅಲ್ಲಿಂದ ಮುಂದೆ ಕಿಟಕಿಗಳು ದೊಡ್ಡವಾದವು, ಬುರುಜುಗಳು ಅಂದಕ್ಕೆ ಉಳಿದವು, ಕಂದಕಗಳು ಅರಮನೆಯ ನೆರಳು ಕಾಣುವ ಕೊಳಗಳಾದವು. ಆ ಸೊಗಸನ್ನು ಅನುಭವಿಸಲು ಚಾರ್ಲ್ಸನಿಗೆ ಆಯುಸ್ಸಿರಲಿಲ್ಲ. 1498ರಲ್ಲಿ, ಇಪ್ಪತ್ತೇಳನೇ ವಯಸ್ಸಿನಲ್ಲಿ, ಅದೇ ಆಂಬ್ವಾಸ್ ಅರಮನೆಯ ಬಾಗಿಲ ಮೇಲಡ್ಡಕ್ಕೆ ತಲೆ ಬಡಿದು ತೀರಿಕೊಂಡ.

ಆಂಬ್ವಾಸ್‌ಗೆ ಹೋಗುವವರಲ್ಲಿ ಹೆಚ್ಚಿನವರು ಹುಡುಕುವುದು ಲಿಯೊನಾರ್ಡೊ ಡ ವಿಂಚಿಯ ಹೆಜ್ಜೆಗಳನ್ನು. ಒಂದನೇ ಫ್ರಾನ್ಸ್ವಾ ದೊರೆ 1516ರಲ್ಲಿ ಅವನನ್ನು ಕರೆಸಿಕೊಂಡು, ಅರಮನೆಯ ಹತ್ತಿರದ ಕ್ಲೋ ಲ್ಯೂಸೆ ಎಂಬ ಇಟ್ಟಿಗೆಯ ಮನೆಯನ್ನು ವಾಸಕ್ಕೆ ಕೊಟ್ಟ. ಮೊನಾಲಿಸಾ ಚಿತ್ರ ಫ್ರಾನ್ಸಿಗೆ ಬಂದದ್ದು ಲಿಯೊನಾರ್ಡೊನ ಸಾಮಾನಿನ ಜೊತೆಯಲ್ಲೇ. 1519ರ ಮೇ 2ರಂದು ಅವನು ಆ ಮನೆಯಲ್ಲಿ ತೀರಿಕೊಂಡ. ಅರಮನೆಯ ಆವರಣದ ಪುಟ್ಟ ಪ್ರಾರ್ಥನಾಮಂದಿರದಲ್ಲಿ ಅವನ ಸಮಾಧಿಯಿದೆ.

ಅಲ್ಲೇ ಇನ್ನೊಂದು ನೆನಪೂ ಇದೆ. ಫ್ರೆಂಚರ ಆಕ್ರಮಣದ ವಿರುದ್ಧ ಹೋರಾಡಿದ ಅಲ್ಜೀರಿಯಾದ ನಾಯಕ ಅಬ್ದುಲ್ ಖಾದಿರ್‌ನನ್ನು ಪರಿವಾರ ಸಮೇತ 1848ರಿಂದ 1852ರವರೆಗೆ ಇದೇ ಅರಮನೆಯಲ್ಲಿ ಸೆರೆಯಿಟ್ಟಿದ್ದರು. ಆ ಸೆರೆಯಲ್ಲಿ ಸತ್ತ ಅವನ ಕಡೆಯವರ ನೆನಪಿಗೆ ಅರಮನೆಯ ತೋಟದಲ್ಲಿ ಕಲ್ಲುಗಳನ್ನು ನೆಟ್ಟಿದ್ದಾರೆ. ಲಿಯೊನಾರ್ಡೊನ ಸಮಾಧಿ ನೋಡಿ ಹಿಂದಿರುಗುವವರು ದಯವಿಟ್ಟು ಅಲ್ಲಿಗೂ ನಾಲ್ಕು ಹೆಜ್ಜೆ ನಡೆಯಬೇಕು.

ಲಿಯೊನಾರ್ಡೊ ಸತ್ತ ವರ್ಷವೇ, 1519ರಲ್ಲಿ, ಫ್ರಾನ್ಸ್ವಾ ದೊರೆ ಷಾಂಬೋರ್ ಅರಮನೆ ಕಟ್ಟಿಸಲು ಹೊರಟ. ನಾನೂರಕ್ಕೂ ಹೆಚ್ಚು ಕೋಣೆಗಳು, ಇನ್ನೂರ ಎಂಬತ್ತರಷ್ಟು ಅಗ್ಗಿಷ್ಟಿಕೆಗಳು, ಸುತ್ತಲೂ 5,440 ಹೆಕ್ಟೇರ್ ಕಾಡು, ಆ ಕಾಡಿಗೆ 32 ಕಿಲೋಮೀಟರ್ ಉದ್ದದ ಗೋಡೆ. ಇದೆಲ್ಲವೂ ಬೇಟೆಗೆ ಬಂದಾಗ ಇಳಿದುಕೊಳ್ಳಲು! ನಡುಮಧ್ಯದ ಮೆಟ್ಟಿಲೇ ಇದರ ಜೀವ. ಒಂದೇ ಕಂಬದ ಸುತ್ತ ಎರಡು ಮೆಟ್ಟಿಲುಸಾಲುಗಳು ಹೆಣೆದುಕೊಂಡು ಏರುತ್ತವೆ. ಒಬ್ಬರು ಹತ್ತುತ್ತಾ ಇನ್ನೊಬ್ಬರು ಇಳಿಯುತ್ತಾ ಇದ್ದರೆ ಕಿಂಡಿಗಳಲ್ಲಿ ಪರಸ್ಪರ ಮುಖ ಕಾಣುತ್ತದೆ, ಎದುರುಬದುರಾಗುವುದು ಮಾತ್ರ ಇಲ್ಲ. ಇದು ಲಿಯೊನಾರ್ಡೊನ ಕಲ್ಪನೆಯೆಂದು ಬಹಳ ಜನ ನಂಬುತ್ತಾರೆ. ಅಂಥ ಮೆಟ್ಟಿಲುಗಳ ರೇಖಾಚಿತ್ರಗಳು ಅವನ ಟಿಪ್ಪಣಿಗಳಲ್ಲಿ ಇರುವುದೂ ನಿಜ. ಮೆಟ್ಟಿಲು ಹತ್ತಿ ಮಾಳಿಗೆಗೆ ಬಂದರೆ ಹೊಗೆಗೂಡುಗಳು, ಗೋಪುರಗಳು, ಸಣ್ಣ ಗುಮ್ಮಟಗಳು ಸೇರಿ ಅಲ್ಲೊಂದು ಊರೇ ನಿಂತಿದೆ. ಬೇಟೆ ಮುಗಿಸಿ ಬರುವ ರಾಜನನ್ನು ಆಸ್ಥಾನದ ಹೆಂಗಸರು ನೋಡುತ್ತಿದ್ದದ್ದು ಅಲ್ಲಿಂದಲೇ.

ಇಷ್ಟು ಕಟ್ಟಿಸಿದ ದೊರೆ ತನ್ನ ಮೂವತ್ತೆರಡು ವರ್ಷಗಳ ಆಳ್ವಿಕೆಯಲ್ಲಿ ಇಲ್ಲಿ ಕಳೆದದ್ದು ಎಲ್ಲ ಸೇರಿ ಎಪ್ಪತ್ತು ಚಿಲ್ಲರೆ ದಿನ. ಆಗಿನ ಆಸ್ಥಾನ ಊರಿಂದೂರಿಗೆ ಹೊರಡುವಾಗ ಮಂಚ, ಪೆಟ್ಟಿಗೆ, ಜಮಖಾನ, ಪಾತ್ರೆ ಎಲ್ಲವನ್ನೂ ಹೇರಿಕೊಂಡೇ ಹೋಗುತ್ತಿತ್ತು. ರಾಜ ಹೊರಟನೆಂದರೆ ಷಾಂಬೋರ್ ಖಾಲಿ. 1528ರಲ್ಲಿ ಫ್ರಾನ್ಸ್ವಾ ಪ್ಯಾರಿಸ್ ಸೀಮೆಯಲ್ಲೇ ನೆಲಸುವುದಾಗಿ ಸಾರಿದ ಮೇಲಂತೂ ಇಡೀ ಕಣಿವೆಯ ರಾಜಕಳೆ ಇಳಿಯತೊಡಗಿತು. ಷಾಂಬೋರ್ ದೇಶಕ್ಕೆ ನಿಜವಾಗಿ ಒದಗಿದ್ದು ನಾಲ್ಕು ಶತಮಾನದ ನಂತರ. 1939ರಲ್ಲಿ, ಯುದ್ಧದ ಹೊಸ್ತಿಲಲ್ಲಿ, ಲೂವ್ರ್ ಸಂಗ್ರಹಾಲಯದ ಕಲಾಕೃತಿಗಳನ್ನು ಲಾರಿಗಳಲ್ಲಿ ತುಂಬಿ ಪ್ಯಾರಿಸ್‌ನಿಂದ ಸಾಗಿಸಿದಾಗ ಅವನ್ನು ಇಳಿಸಿಕೊಂಡದ್ದು ಈ ಅರಮನೆ. ಮೊನಾಲಿಸಾ ಕೂಡ ಇಲ್ಲಿ ತಂಗಿ ಮುಂದಕ್ಕೆ ಹೋಯಿತು.

ಇದೇ ಕಣಿವೆಯ ಬ್ಲ್ವಾ ಅರಮನೆಯಲ್ಲಿ ಫ್ರಾನ್ಸ್ವಾ ಕಟ್ಟಿಸಿದ ತೆರೆದ ಸುರುಳಿ ಮೆಟ್ಟಿಲನ್ನು ತಪ್ಪದೆ ನೋಡಬೇಕು. 1588ರ ಡಿಸೆಂಬರ್‌ನಲ್ಲಿ ಮೂರನೇ ಆನ್ರಿ ದೊರೆ ತನ್ನ ಪ್ರತಿಸ್ಪರ್ಧಿ ಗೀಜ್ ಸಾಮಂತನನ್ನು ಕೊಲ್ಲಿಸಿದ್ದು ಇದೇ ಅರಮನೆಯ ರಾಜಕೋಣೆಗಳಲ್ಲಿ.

ನನ್ನ ಮಟ್ಟಿಗೆ ಈ ಕಣಿವೆಯ ಕಿರೀಟ ಷನೋನ್ಸೋ. ಅದು ಲ್ವಾರ್ ಮೇಲಿಲ್ಲ, ಉಪನದಿ ಶೇರ್‌ನ ಮೇಲಿದೆ. ಮೇಲಿದೆ ಎಂದರೆ ಅಕ್ಷರಶಃ ನೀರಿನ ಮೇಲೆ, ಕಮಾನುಗಳ ಮೇಲೆ. ಇದರ ಕತೆಯಲ್ಲಿ ಮುಖ್ಯ ಪಾತ್ರಗಳೆಲ್ಲ ಹೆಂಗಸರು. ತೋಮಾ ಬೋಯೇ ಎಂಬ ಹಣಕಾಸಿನ ಅಧಿಕಾರಿ 1513ರಲ್ಲಿ ಇದನ್ನು ಪಡೆದನಾದರೂ ಇಟಲಿಯ ಯುದ್ಧಗಳು ಅವನನ್ನು ಮನೆಯಲ್ಲಿ ನಿಲ್ಲಗೊಡಲಿಲ್ಲ. ಮುಂದೆ ನಿಂತು ಕಟ್ಟಿಸಿದವಳು ಹೆಂಡತಿ ಕ್ಯಾಥರೀನ್ ಬ್ರಿಸೊನೆ. ಬಳಿಕ ಎರಡನೇ ಆನ್ರಿ ದೊರೆ ಇದನ್ನು ತನ್ನ ಪ್ರೇಯಸಿ ಡಯಾನ್ ದ ಪ್ವಾತಿಯೇಗೆ ಕೊಟ್ಟ. ಆಕೆ ದಂಡೆಯಲ್ಲಿ ತೋಟ ಮಾಡಿಸಿ, ನದಿಗೆ ಸೇತುವೆ ಹಾಕಿಸಿದಳು. 1559ರಲ್ಲಿ ಈಟಿಯ ಪಂದ್ಯದಲ್ಲಿ ಗಾಯಗೊಂಡು ದೊರೆ ಸತ್ತ. ಅಲ್ಲಿಯತನಕ ಎಲ್ಲವನ್ನೂ ನುಂಗಿಕೊಂಡಿದ್ದ ರಾಣಿ ಕ್ಯಾಥರೀನ್ ದ ಮೆಡಿಚಿ, ಡಯಾನ್‌ಳಿಗೆ ಷೋಮೋನ್ ಅರಮನೆ ಕೊಟ್ಟು ಷನೋನ್ಸೋ ಬಿಡಿಸಿಕೊಂಡಳು. ಸವತಿ ಕಟ್ಟಿಸಿದ ಸೇತುವೆಯನ್ನು ಆಕೆ ಕೆಡವಿಸಲಿಲ್ಲ. ಅದರ ಮೇಲೇ 60 ಮೀಟರ್ ಉದ್ದದ ನೃತ್ಯಶಾಲೆ ಎಬ್ಬಿಸಿದಳು. ಇಂದಿಗೂ ಅರಮನೆಯ ಒಂದು ಬದಿಗೆ ಡಯಾನ್‌ಳ ತೋಟ, ಇನ್ನೊಂದು ಬದಿಗೆ ಕ್ಯಾಥರೀನ್‌ಳ ತೋಟ.

ಕ್ಯಾಥರೀನ್‌ಳ ಸೊಸೆ ಲೂಯೀಸ್, ಗಂಡ ಮೂರನೇ ಆನ್ರಿಯ ಕೊಲೆಯಾದ ಮೇಲೆ ಬಿಳಿಯುಟ್ಟು ಇಲ್ಲಿ ದಿನ ಕಳೆದಳು. ಕಪ್ಪು ಬಣ್ಣ ಬಳಿಸಿ, ಬೆಳ್ಳಿಯ ಕಣ್ಣೀರಹನಿಗಳನ್ನು ಬರೆಸಿದ ಅವಳ ಕೋಣೆಯಲ್ಲಿ ಮಾತು ತಾನಾಗಿಯೇ ತಗ್ಗುತ್ತದೆ. ಹದಿನೆಂಟನೇ ಶತಮಾನದಲ್ಲಿ ಇದು ಲೂಯೀಸ್ ದ್ಯುಪೇನ್ ಎಂಬ ವಿದ್ಯಾವಂತೆಯ ಮನೆ. ತತ್ವಜ್ಞಾನಿ ರೂಸೋ ಅವಳಲ್ಲಿ ಕಾರ್ಯದರ್ಶಿಯಾಗಿದ್ದ. ಫ್ರೆಂಚ್ ಕ್ರಾಂತಿಯಲ್ಲಿ ಎಷ್ಟೋ ಅರಮನೆಗಳು ಲೂಟಿಯಾದರೂ ಷನೋನ್ಸೋ ಉಳಿಯಿತು. ಊರವರು ಅವಳನ್ನು ಅಷ್ಟು ಹಚ್ಚಿಕೊಂಡಿದ್ದರು. ನದಿ ದಾಟಲು ಜನಕ್ಕೆ ಇರುವ ಸೇತುವೆ ಇದು, ಕೆಡವಿದರೆ ಹೇಗೆ ಎಂದು ಅವಳು ವಾದಿಸಿದಳೆಂದೂ ಹೇಳುತ್ತಾರೆ.

1913ರಲ್ಲಿ ಇದನ್ನು ಚಾಕೊಲೇಟ್ ವ್ಯಾಪಾರದ ಮೆನ್ಯೇ ಮನೆತನ ಕೊಂಡಿತು. ಮರುವರ್ಷವೇ ಮೊದಲ ಮಹಾಯುದ್ಧ. ನೃತ್ಯಶಾಲೆಯಲ್ಲಿ ಹಾಸಿಗೆಗಳನ್ನು ಹಾಕಿ ಆಸ್ಪತ್ರೆ ತೆರೆದರು. ಎರಡು ಸಾವಿರಕ್ಕೂ ಹೆಚ್ಚು ಗಾಯಾಳುಗಳಿಗೆ ಅಲ್ಲಿ ಆರೈಕೆ ನಡೆಯಿತು. ಎರಡನೇ ಯುದ್ಧದಲ್ಲಿ, 1940ರಿಂದ 1942ರವರೆಗೆ, ಶೇರ್ ನದಿಯೇ ಗಡಿ. ಅರಮನೆಯ ಹೆಬ್ಬಾಗಿಲು ಜರ್ಮನರ ಹಿಡಿತದ ನೆಲದಲ್ಲಿ, ನೃತ್ಯಶಾಲೆಯ ಕೊನೆಯ ಬಾಗಿಲು ಅವರ ಸೈನ್ಯವಿಲ್ಲದ ಆಚೆದಂಡೆಯಲ್ಲಿ. ಆ ಬಾಗಿಲಿನಿಂದ ಎಷ್ಟೋ ಜನ ಪಾರಾದರು. ಒಂದು ಕಟ್ಟಡ ಮನುಷ್ಯರಿಗೆ ಇದಕ್ಕಿಂತ ಹೆಚ್ಚಿಗೆ ಏನು ಮಾಡಬಲ್ಲದು!

ಷನೋನ್ಸೋದಂತೆ ಜನರ ಅಕ್ಕರೆಯಿಂದಲೇ ಉಳಿದ ಇನ್ನೊಂದು ಜಾಗ ವಿಲಾಂದ್ರಿ. ಸ್ಪೇನ್ ಮೂಲದ ವೈದ್ಯವಿಜ್ಞಾನಿ ಹೋವಾಕಿನ್ ಕಾರ್ವಾಲೊ 1906ರಲ್ಲಿ ಇದನ್ನು ಕೊಂಡು, ಸಂಶೋಧನೆಯ ವೃತ್ತಿಯನ್ನೇ ಬಿಟ್ಟು, ಅಳಿಸಿಹೋಗಿದ್ದ ಹದಿನಾರನೇ ಶತಮಾನದ ಮಾದರಿಯ ತೋಟವನ್ನು ಮತ್ತೆ ರೂಪಿಸಿದ. ಇಲ್ಲಿ ರಾಜಮರ್ಯಾದೆ ಸಲ್ಲುವುದು ತರಕಾರಿಗೆ. ಒಂದೇ ಅಳತೆಯ ಒಂಬತ್ತು ಚೌಕಗಳಲ್ಲಿ ಎಲೆಕೋಸು, ಬೀಟ್‌ರೂಟ್, ಕುಂಬಳ, ಸೊಪ್ಪುಗಳನ್ನು ಬಣ್ಣ ನೋಡಿ ನೆಡುತ್ತಾರೆ. ಮೇಲಿನ ಜಗಲಿಯಿಂದ ನೋಡಿದರೆ ಅದು ಹಬ್ಬದ ದಿನ ಬಣ್ಣ ತುಂಬಿದ ರಂಗೋಲಿ. ಐತಿಹಾಸಿಕ ಮನೆಗಳ ಒಡೆಯರು ಅವನ್ನು ಸಾರ್ವಜನಿಕರಿಗೆ ತೆರೆಯಬೇಕೆಂದು ಪಟ್ಟುಹಿಡಿದ ಕಾರ್ವಾಲೊ 1924ರಲ್ಲಿ ಅದಕ್ಕಾಗಿ ಒಂದು ಸಂಘವನ್ನೂ ಕಟ್ಟಿದ. ಅದು ಇಂದಿಗೂ ಕೆಲಸ ಮಾಡುತ್ತಿದೆ.

ನೋಡಲು ಹೊರಡುವವರಿಗೆ ಒಂದು ಮಾತು. ಪ್ಯಾರಿಸ್‌ನಿಂದ ತೂರ್ ನಗರದ ಕಡೆಗೆ ವೇಗದ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ. ಅಲ್ಲಿಂದ ಷನೋನ್ಸೋಗೆ ಸ್ಥಳೀಯ ರೈಲಿದೆ, ನಿಲ್ದಾಣ ಅರಮನೆಯ ಬಾಗಿಲಿಗೆ ಕೂಗಳತೆ. ನದಿಯ ಬದಿಯಲ್ಲೇ ಸೈಕಲ್ ದಾರಿಯೂ ಇದೆ. ಬೆಳಗ್ಗೆ ಪ್ಯಾರಿಸ್ ಬಿಟ್ಟು ನಾಲ್ಕು ಅರಮನೆ ತೋರಿಸಿ ರಾತ್ರಿ ಹಿಂದಕ್ಕೆ ತಂದುಬಿಡುವ ಬಸ್ ಪ್ರವಾಸಗಳಿಗೆ ಹೋಗಬೇಡಿ. ಆಂಬ್ವಾಸ್‌ನಲ್ಲೋ ಬ್ಲ್ವಾದಲ್ಲೋ ಉಳಿದುಕೊಂಡು ದಿನಕ್ಕೊಂದು, ಹೆಚ್ಚೆಂದರೆ ಎರಡು ನೋಡಿ. ವಿಲಾಂದ್ರಿಯ ತರಕಾರಿ ತೋಟ ತುಂಬಿ ನಿಲ್ಲುವುದು ಜುಲೈಯಿಂದ ಸೆಪ್ಟೆಂಬರ್‌ವರೆಗೆ. ಒಂದೇ ದಿನ ಇದೆ ಎನ್ನುವವರು ಷಾಂಬೋರ್ ಬಿಟ್ಟರೂ ಷನೋನ್ಸೋ ಬಿಡಬೇಡಿ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ, ಹತ್ತರ ನಂತರ ಜನ ತುಂಬುತ್ತಾರೆ.