ಮೂತ್ರಪಿಂಡದ ಗುಳ್ಳೆ ಬೇರೆ, ಅಂಡಾಶಯದ ಗುಳ್ಳೆ ಬೇರೆ

ಸ್ಕ್ಯಾನಿಂಗ್ ವರದಿಯಲ್ಲಿ ‘ಪಾಲಿಸಿಸ್ಟಿಕ್’ ಎಂಬ ಪದ ಕಂಡೊಡನೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಭಾಗದ ಸದ್ಭಕ್ತರ ಮನೆಗಳಲ್ಲಿ ಆತಂಕ ಮೂಡುವುದು ಸಹಜ. ಆದರೆ ಈ ಹೆಸರು ಎರಡು ಭಿನ್ನ ವ್ಯಾಧಿಗಳಿಗೆ ಸಲ್ಲುತ್ತದೆ.

ಅಂಡಾಶಯದಲ್ಲಿ ಕಾಣುವವು ವಾಸ್ತವವಾಗಿ ಪೂರ್ತಿ ಬಲಿಯದೆ ಉಳಿದ ಅಂಡಾಣುವಿನ ಚೀಲಗಳು. ಮುಟ್ಟಿನ ಏರುಪೇರು, ಮುಖದಲ್ಲಿ ರೋಮ, ಹಲವರಲ್ಲಿ ತೂಕದ ಹೆಚ್ಚಳ ಇದರ ಲಕ್ಷಣಗಳು. ತೂಕ ಹೆಚ್ಚಿದ್ದವರಲ್ಲಿ ಶೇ. 5ರಿಂದ 10ರಷ್ಟು ಇಳಿದರೂ ಅನೇಕರ ಋತುಚಕ್ರ ಸುಧಾರಿಸುತ್ತದೆ. ಅಗತ್ಯವಿದ್ದರೆ ವೈದ್ಯರು ಹಾರ್ಮೋನು ಮಾತ್ರೆ, ಮೆಟ್‌ಫಾರ್ಮಿನ್ ನೀಡುತ್ತಾರೆ. ಇದನ್ನೇ ಬಂಜೆತನವೆಂದು ಬಗೆದು ವಿವಾಹ ಸಂಬಂಧ ಮುರಿಯುವುದು ಅನ್ಯಾಯ. ಚಿಕಿತ್ಸೆಯಿಂದ ಬಹುತೇಕರು ತಾಯಂದಿರಾಗುತ್ತಾರೆ.

ಮೂತ್ರಪಿಂಡದ್ದು ಗಂಭೀರವಾದುದು, ಸಾಮಾನ್ಯವಾಗಿ ವಂಶಪಾರಂಪರ್ಯವಾದುದು. ತಂದೆ ಅಥವಾ ತಾಯಿಗಿದ್ದರೆ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಶೇ. 50ರಷ್ಟು ಸಾಧ್ಯತೆ. ರಕ್ತದೊತ್ತಡ, ಪಕ್ಕೆನೋವು, ಮೂತ್ರದಲ್ಲಿ ರಕ್ತ ಇದರ ಸೂಚನೆಗಳು. ಕಬ್ಬಿನ ಗದ್ದೆಯ ದುಡಿಮೆಯಿಂದ ಬಂದ ಸೊಂಟನೋವೆಂದು ನೋವಿನ ಮಾತ್ರೆ ನುಂಗುತ್ತ ಹೋದರೆ ಹಾನಿ ಹೆಚ್ಚುತ್ತದೆ. ಗುಳ್ಳೆ ಕರಗಿಸುವ ಮದ್ದಿಲ್ಲ, ಯಾರು ಏನೇ ಹೇಳಲಿ. ರಕ್ತದೊತ್ತಡದ ಹತೋಟಿಯೇ ಮುಖ್ಯ. ಟಾಲ್ವಾಪ್ಟಾನ್ ಆಯ್ದ ರೋಗಿಗಳಲ್ಲಿ ರೋಗದ ವೇಗವನ್ನು ತಗ್ಗಿಸುತ್ತದೆ. ಮೂತ್ರಪಿಂಡ ವಿಫಲವಾದರೆ ಡಯಾಲಿಸಿಸ್ ಅಥವಾ ಕಸಿ. ಒಡಹುಟ್ಟಿದವರು ದಾನಕ್ಕೆ ಮುಂದಾದರೆ ಮೊದಲು ಅವರಿಗೇ ಈ ರೋಗವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಕುಟುಂಬದಲ್ಲಿ ಒಬ್ಬರಿಗೆ ಈ ರೋಗ ಕಂಡುಬಂದಿದ್ದರೆ ಉಳಿದವರು ಬಿ.ಜಿ.ನಗರದ ಆದಿಚುಂಚನಗಿರಿ ಆಸ್ಪತ್ರೆಯಲ್ಲೋ ಮಂಡ್ಯದ ಮಿಮ್ಸ್‌ನಲ್ಲೋ ವೈದ್ಯರನ್ನು ಕಂಡು, ರಕ್ತದೊತ್ತಡ ಮತ್ತು ಸ್ಕ್ಯಾನಿಂಗ್ ಪರೀಕ್ಷೆಗಳ ಬಗ್ಗೆ ವಿಚಾರಿಸುವುದು.