ಹೂದೋಟದ ದೈತ್ಯ ಹಸಿರು ಹುಳು: ಹೆದರಬೇಕೇ? ಗುರುತಿಸುವುದು ಹೇಗೆ?

ಕೊಚ್ಚಿ, ತಿರುವನಂತಪುರಂನ ಮನೆಯಂಗಳಗಳಲ್ಲಿ ಕಣಗಿಲೆ, ನಂದಿಬಟ್ಟಲು ಗಿಡಗಳು ಸಾಮಾನ್ಯ. ಅವುಗಳ ಎಲೆ ಮೇಯುವ ಬೆರಳುದ್ದದ ದಪ್ಪ ಹಸಿರು ಹುಳು ಕಂಡರೆ ಅದು ಬಹುತೇಕ ಓಲಿಯಾಂಡರ್ ಹಾಕ್ ಮಾತ್ ಎಂಬ ಪತಂಗದ ಮರಿ.

ಸುಮಾರು 7-8 ಸೆಂ.ಮೀ. ಬೆಳೆಯುವ ಇದರ ತಲೆಯ ಹಿಂದೆ ಕಣ್ಣಿನಂತೆ ಕಾಣುವ ಎರಡು ನೀಲಿ ಮಚ್ಚೆಗಳು, ಮೈಯ ಪಕ್ಕದಲ್ಲಿ ಬಿಳಿ ಗೆರೆ, ಹಿಂತುದಿಯಲ್ಲಿ ಪುಟ್ಟ ಕೊಂಬು ಇರುತ್ತವೆ. ಮಚ್ಚೆಗಳು ಶತ್ರುಗಳನ್ನು ಬೆದರಿಸಲು. ಕೊಂಬು ಚುಚ್ಚುವುದಿಲ್ಲ. ತುರಿಕೆ ತರುವ ಕಂಬಳಿಹುಳುವಿನ ರೋಮಗಳೂ ಇದಕ್ಕಿಲ್ಲ. ಆದರೆ ಕಣಗಿಲೆ ಗಿಡವೇ ವಿಷಕಾರಿ, ಹಾಗಾಗಿ ಮುಟ್ಟಿದ ಬಳಿಕ ಕೈ ತೊಳೆಯಿರಿ.

ಹುಳು ಕಂದು ಬಣ್ಣಕ್ಕೆ ತಿರುಗಿ ನೆಲಕ್ಕಿಳಿದರೆ ಕೋಶಾವಸ್ಥೆ ಸಮೀಪಿಸಿದೆ ಎಂದರ್ಥ. ಕೀಟನಾಶಕ ಬೇಕಿಲ್ಲ, ಬಲಿತ ಗಿಡ ಮತ್ತೆ ಚಿಗುರುತ್ತದೆ.